ಇತಿಹಾಸವು ಲೆಕ್ಕಕ್ಕೆ ಹಿಡಿಯದ ಒಂದು ಸಂಸಾರ



ಕನ್ನಡ ವ್ಯಾಕರಣಗಳ ಪರಂಪರೆಯನ್ನು ತಾವು ಬಲ್ಲಿರಿ. ಕೇಶಿರಾಜನ ಶಬ್ದಮಣಿದರ್ಪಣ, ಭಟ್ಟಾಕಳಂಕನ ಶಬ್ದಾನುಶಾಸನಗಳ ಹೆಸರು ನಮ್ಮ ಮಠದ ಪಾಠಶಾಲೆಯಲ್ಲಿ ಓದಿದ ಯಾರಿಗೂ ಹೊಸದಲ್ಲ. ಅಚ್ಚುಯಂತ್ರವು ನಮ್ಮ ದೇಶಕ್ಕೆ ಬಂದ ಮೇಲೆ, ೧೮೧೭ರಲ್ಲಿ, ಕನ್ನಡ ಭಾಷೆಯ ವ್ಯಾಕರಣವೊಂದು ಇಂಗ್ಲಿಷಿನಲ್ಲಿ ಮುದ್ರಿತವಾಗಿ ಹೊರಬಂದಿತು. ಅದು ಅಚ್ಚಾದದ್ದು ಬಳ್ಳಾರಿಯಲ್ಲಲ್ಲ, ಮಂಗಳೂರಿನಲ್ಲೂ ಅಲ್ಲ. ದೂರದ ಬಂಗಾಳದಲ್ಲಿ, ಹೂಗ್ಲಿ ನದಿಯ ದಡದ ಶ್ರೀರಾಂಪುರದಲ್ಲಿ. ಬರೆದವರು ವಿಲಿಯಂ ಕೇರಿ ಎಂಬ ಆಂಗ್ಲ ಪಾದ್ರಿ. ೧೭೯೩ರಲ್ಲಿ ಬಂಗಾಳಕ್ಕೆ ಬಂದಿಳಿದ ಆತ ಕೊನೆಯುಸಿರಿನವರೆಗೂ ಆ ಪ್ರಾಂತವನ್ನು ಬಿಟ್ಟು ನೆಲಸಲಿಲ್ಲ. ತಾವು ಎಂದೂ ವಾಸಿಸದ ನಾಡಿನ ನುಡಿಗೆ ಪಂಡಿತರ ನೆರವಿನಿಂದ ವ್ಯಾಕರಣ ಬರೆದ ಅವರ ಪರಿಶ್ರಮವನ್ನು ಕನ್ನಡಿಗರಾದ ನಾವು ಮರೆಯಲಾಗದು. ಅವರು ಬಂದ ಉದ್ದೇಶ ಕ್ರೈಸ್ತಮತದ ಪ್ರಚಾರ. ಆ ಉದ್ದೇಶವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಪರಿಶ್ರಮವನ್ನು ಗೌರವಿಸುವುದು ಬೇರೆ ಮಾತು.

ಆದರೆ ಈ ಲೇಖನವು ಕೇರಿಯವರ ಪಾಂಡಿತ್ಯವನ್ನು ಕುರಿತದ್ದಲ್ಲ. ಅವರೊಡನೆ ಸಮುದ್ರ ದಾಟಿ ಬಂದು, ಪರದೇಶದಲ್ಲಿ ಒಂದು ಮನೆಯನ್ನು ಕಟ್ಟಲು ಹೆಣಗಿ, ಆ ಹೆಣಗಾಟದಲ್ಲಿಯೇ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ಅವರ ಧರ್ಮಪತ್ನಿ ಡಾರತಿಯವರನ್ನು ಕುರಿತದ್ದು. ಕೇರಿಯವರ ಹಳೆಯ ಚರಿತ್ರೆಕಾರರಲ್ಲಿ ಹಲವರು ಈಕೆಯನ್ನು ‘ಮಹಾಪುರುಷನಿಗೆ ತಕ್ಕವಳಲ್ಲದ ಹೆಂಡತಿ’ ಎಂಬಂತೆ ಚಿತ್ರಿಸಿ ಮುಂದೆ ಸಾಗಿದರು. ಆಕೆಯ ಬದುಕನ್ನೇ ವಿಷಯವಾಗಿಸಿಕೊಂಡು ಜೇಮ್ಸ್ ಬೆಕ್ ಎಂಬವರು ಒಂದು ಪುಸ್ತಕ ಬರೆಯಲು ೧೯೯೨ನೆಯ ಇಸವಿಯೇ ಬರಬೇಕಾಯಿತು. ಆ ಹಳೆಯ ತೀರ್ಪು ನ್ಯಾಯವೇ ಎಂಬುದನ್ನು ತಾವೇ ವಿಚಾರಿಸಿ ನೋಡಬೇಕೆಂದು ಪ್ರಾರ್ಥನೆ.

ವಿಲಿಯಂ ಕೇರಿಯವರು ೧೭೬೧ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರು ಕಲಿತ ಕಸುಬು ಪಾದರಕ್ಷೆ ಹೊಲಿಯುವುದು. ಕಾಯಕದಲ್ಲಿ ಮೇಲುಕೀಳೆಣಿಸದ ಶರಣಧರ್ಮದ ನಮಗೆ ಇದು ಹೇಳಿ ಮೆಚ್ಚಬೇಕಾದ ಸಂಗತಿಯೇ ಹೊರತು ಮರೆಮಾಚಬೇಕಾದುದಲ್ಲ. ೧೭೮೧ರ ಜೂನ್ ೧೦ರಂದು ಪಿಡಿಂಗ್ಟನ್ ಗ್ರಾಮದ ಚರ್ಚಿನಲ್ಲಿ ಅವರ ವಿವಾಹ ನೆರವೇರಿತು. ವರನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ವಧು ಡಾರತಿ ಅವರಿಗಿಂತ ಐದಾರು ವರ್ಷ ಹಿರಿಯಳು. ವಿವಾಹದ ದಫ್ತರದಲ್ಲಿ ವರನು ತನ್ನ ಹೆಸರನ್ನು ಬರೆದನು. ಅಕ್ಷರ ಬಾರದ ವಧುವು ಒಂದು ಗೀಟಿನ ಮೇಲೆ ಇನ್ನೊಂದು ಗೀಟನ್ನೆಳೆದು ಗುರುತು ಹಾಕಿದಳು. ಈ ಗುರುತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಮಾತು ಬರುತ್ತದೆ.

ದಾಂಪತ್ಯದ ಮೊದಲ ವರ್ಷಗಳು ಕಡುಬಡತನದವು. ಚೊಚ್ಚಲ ಮಗಳು ಎರಡು ವರ್ಷ ತುಂಬುವ ಮೊದಲೇ ಜ್ವರದಿಂದ ತೀರಿಕೊಂಡಳು. ಮುಂದೆ ಇನ್ನೊಬ್ಬ ಮಗಳೂ ಎಳವೆಯಲ್ಲಿಯೇ ಹೋದಳು. ಪತಿ ಹಗಲಿನಲ್ಲಿ ಪಾದರಕ್ಷೆ ಹೊಲಿಯುತ್ತ, ಶಾಲೆ ನಡೆಸುತ್ತ, ಬಿಡುವು ಸಿಕ್ಕಾಗ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿಯುತ್ತ ಬೋಧಕರಾದರು. ೧೭೯೨ರ ಅಕ್ಟೋಬರ್ ೨ರಂದು ಕೆಟರಿಂಗ್ ಪಟ್ಟಣದ ಒಬ್ಬ ವಿಧವೆಯ ಮನೆಯಲ್ಲಿ ಕೆಲವರು ಕೂಡಿ, ೧೩ ಪೌಂಡು ೨ ಷಿಲಿಂಗ್ ೬ ಪೆನ್ಸ್ ವಂತಿಗೆಯ ವಾಗ್ದಾನದೊಡನೆ ಬ್ಯಾಪ್ಟಿಸ್ಟ್ ಮಿಷನ್ ಸಂಘವನ್ನು ಸ್ಥಾಪಿಸಿದರು. ಬಂಗಾಳವನ್ನು ಮೊದಲೇ ಕಂಡಿದ್ದ ವೈದ್ಯ ಜಾನ್ ಥಾಮಸ್ ಎಂಬವರೊಡನೆ ಕೇರಿಯವರು ಹೊರಡುವುದೆಂದು ನಿಶ್ಚಯವಾಯಿತು.

ನಿಶ್ಚಯ ಮಾಡಿದವರು ಪತಿ, ಪತ್ನಿಯಲ್ಲ. ತನ್ನ ಹುಟ್ಟೂರಿನ ಆಸುಪಾಸನ್ನು ಬಿಟ್ಟು ದೂರ ಹೋಗಿ ಅರಿಯದ ಆಕೆಗೆ ಬಂಗಾಳವೆಂಬುದು ಬರಿಯ ಹೆಸರು. ಆಗ ಆಕೆ ತುಂಬು ಗರ್ಭಿಣಿ. ಬರಲಾರೆನೆಂದು ಸ್ಪಷ್ಟವಾಗಿ ನುಡಿದಳು. ಹಿರಿಯ ಮಗ ಫೀಲಿಕ್ಸ್‌ನನ್ನು ಮಾತ್ರ ಕರೆದುಕೊಂಡು ಕೇರಿಯವರು ಹಡಗನ್ನೇರಿದರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲವೆಂಬ ಕಾರಣಕ್ಕೆ ಅವರೆಲ್ಲರೂ ಇಳಿಯಬೇಕಾಯಿತು. ಈ ನಡುವೆ, ೧೭೯೩ರ ಮೇ ತಿಂಗಳಲ್ಲಿ, ಡಾರತಿ ಗಂಡುಮಗುವನ್ನು ಹೆತ್ತಳು. ಪತಿ ಹಿಂದಿರುಗಿ ಬಂದು ಮತ್ತೊಮ್ಮೆ ಕೇಳಿದರು. ಆಕೆ ಮತ್ತೊಮ್ಮೆ ಒಲ್ಲೆನೆಂದಳು. ಕಡೆಗೆ ಥಾಮಸರು ಒಬ್ಬರೇ ಹಿಂದಿರುಗಿ ಬಂದು, ಈಗ ಬಾರದಿದ್ದರೆ ಸಂಸಾರ ಶಾಶ್ವತವಾಗಿ ಒಡೆದುಹೋಗುವುದೆಂದೂ, ಬದುಕಿರುವವರೆಗೆ ಆಕೆ ಪಶ್ಚಾತ್ತಾಪ ಪಡಬೇಕಾಗುವುದೆಂದೂ ಹೇಳಿ ಹೆದರಿಸಿದರು. ಬಾಣಂತಿಯು ಒಪ್ಪಿದಳು, ತಂಗಿ ಕ್ಯಾಥರೀನಳೂ ಜೊತೆಗೆ ಬರಬೇಕೆಂಬ ಒಂದೇ ಷರತ್ತಿನ ಮೇಲೆ. ಇದನ್ನು ಒಪ್ಪಿಗೆ ಎನ್ನೋಣವೇ? ತಾವೇ ಹೇಳಬೇಕು.

೧೭೯೩ರ ಜೂನ್ ೧೩ರಂದು ಡೇನಿಷ್ ಹಡಗೊಂದು ಅವರನ್ನು ಹೊತ್ತು ಡೋವರಿನಿಂದ ಹೊರಟಿತು. ನಾಲ್ಕು ಮಕ್ಕಳು, ಅವರಲ್ಲಿ ಕೊನೆಯದು ತೊಟ್ಟಿಲ ಕೂಸು. ಐದು ತಿಂಗಳ ಪ್ರಯಾಣದ ಅನಂತರ ನವೆಂಬರ್ ೧೧ರಂದು ಕಲ್ಕತ್ತೆಗೆ ಬಂದಿಳಿದರು. ಕಂಪನಿಯ ಆಳ್ವಿಕೆಯಲ್ಲಿ ಪರವಾನಗಿ ಇಲ್ಲದ ಪಾದ್ರಿಗಳಿಗೆ ಪ್ರವೇಶವಿರಲಿಲ್ಲವಾದ್ದರಿಂದ ಇಳಿದದ್ದೂ ಗುಟ್ಟಾಗಿಯೇ. ನೆಲೆನಿಲ್ಲಲು ಒಂದು ಸೂರಿರಲಿಲ್ಲ. ತಂದ ಹಣವು ಥಾಮಸರ ಕೈಯಲ್ಲಿ ಬಹುಬೇಗ ಕರಗಿತು. ವರ್ಷ ತುಂಬುವುದರೊಳಗೆ ಈ ಕುಟುಂಬ ಐದು ಕಡೆ ಬಿಡಾರ ಹೂಡಿ ಕಿತ್ತಿತು: ಕಲ್ಕತ್ತೆ, ಪೋರ್ತುಗೀಸರ ಬಂಡೇಲ್, ಮತ್ತೆ ಕಲ್ಕತ್ತೆಯ ಹೊರವಲಯದ ಮಾಣಿಕ್‌ತಲಾ, ಸುಂದರಬನದ ಅಂಚಿನ ದೇಭಟ್ಟ, ಕೊನೆಗೆ ಮಾಲ್ದಾದ ಉತ್ತರಕ್ಕಿರುವ ಮದನಾವತಿ.

ಮಾಣಿಕ್‌ತಲಾದ ದಿನಗಳನ್ನು ಕೇರಿಯವರು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಥಾಮಸರು ನಗರದಲ್ಲಿ ಸುಖವಾಗಿರುವಾಗ ತಮಗೆ ಬ್ರೆಡ್ಡಿಗೂ ಗತಿಯಿಲ್ಲವೆಂದು ಪತ್ನಿಯೂ ನಾದಿನಿಯೂ ದೂರುತ್ತಿದ್ದರೆಂದು ಅಲ್ಲಿ ಉಲ್ಲೇಖವಿದೆ. ಪತಿಗೆ ಇದು ಶ್ರದ್ಧೆಯ ಕೊರತೆಯಾಗಿ ತೋರಿತು. ಆದರೆ, ವಾಚಕರೇ, ಹಸುಗೂಸಿಗೆ ಮೊಲೆಯೂಡುವ ತಾಯಿ, ಹುಟ್ಟಿದಂದಿನಿಂದ ಉಂಡ ಆಹಾರವನ್ನು ಕೇಳಿದ್ದು ಅಪರಾಧವೇ? ಜೋಳದ ರೊಟ್ಟಿಯುಂಡು ಬೆಳೆದ ನಮ್ಮ ಬಯಲುಸೀಮೆಯ ಹೆಣ್ಣುಮಗಳನ್ನು ರೊಟ್ಟಿಯ ಹೆಸರನ್ನೇ ಕೇಳದ ದೇಶಕ್ಕೆ ಒಯ್ದು ಕೂಡಿಸಿದರೆ ಆಕೆ ಏನು ಕೇಳಿಯಾಳು ಎಂಬುದನ್ನು ನೆನೆದರೆ ಸಾಕು.

೧೭೯೪ರ ಫೆಬ್ರುವರಿಯಲ್ಲಿ ದೋಣಿಯೇರಿ ದೇಭಟ್ಟಕ್ಕೆ ಬಂದಾಗ ಉಣ್ಣಲು ಮುಂದೇನೆಂಬ ನಿಶ್ಚಯವೂ ಇರಲಿಲ್ಲ. ಅಲ್ಲಿದ್ದ ಕಂಪನಿಯ ಉಪ್ಪಿನ ಅಧಿಕಾರಿ ಶಾರ್ಟ್ ಎಂಬವರು, ಗುರುತು ಪರಿಚಯವಿಲ್ಲದ ಈ ಕುಟುಂಬಕ್ಕೆ ಆಶ್ರಯ ಕೊಟ್ಟರು. ಹುಲಿಗಳ ಭಯವಿದ್ದ ಆ ಕಾಡಿನಂಚಿನಲ್ಲಿ ಕೇರಿಯವರು ಬಿದಿರಿನ ಮನೆಯೊಂದನ್ನು ಕಟ್ಟತೊಡಗಿದರು. ಅದು ಮುಗಿಯುವ ಹೊತ್ತಿಗೆ ಮದನಾವತಿಯಿಂದ ಕರೆ ಬಂದಿತು. ಜಾರ್ಜ್ ಉಡ್ನಿ ಎಂಬವರ ನೀಲಿ ಕಾರ್ಖಾನೆಯ ಮೇಲ್ವಿಚಾರಣೆ. ತಿಂಗಳಿಗೆ ೨೦೦ ರೂಪಾಯಿ ಸಂಬಳ. ಕುಟುಂಬ ಮತ್ತೆ ದೋಣಿ ಹತ್ತಿತು. ಆದರೆ ತಂಗಿ ಕ್ಯಾಥರೀನ್ ಬರಲಿಲ್ಲ. ಶಾರ್ಟ್ ಅವರನ್ನು ವರಿಸಲು ನಿಶ್ಚಯಿಸಿ ಅಲ್ಲಿಯೇ ಉಳಿದಳು. ಯಾವ ಷರತ್ತಿನ ಮೇಲೆ ಡಾರತಿ ಸಮುದ್ರ ದಾಟಿದ್ದಳೋ ಆ ಷರತ್ತು ಹೀಗೆ ಮುರಿದುಬಿದ್ದಿತು. ಇನ್ನು ಆಕೆಯ ಊರಿನ ಮಾತನ್ನಾಡುವ ಹೆಣ್ಣು ಜೀವವೊಂದೂ ಸುತ್ತಮುತ್ತ ಉಳಿಯಲಿಲ್ಲ.

ಮದನಾವತಿಯಲ್ಲಿ ಇಟ್ಟಿಗೆಯ ಮನೆ ಸಿಕ್ಕಿತು, ಸಂಬಳವೂ ಬಂದಿತು. ಆದರೆ ಸುತ್ತಲೂ ಜೌಗುನೆಲ. ಜ್ವರ ಮತ್ತು ಆಮಶಂಕೆಗಳ ತವರು. ತಾಯಿಯೂ ಮಕ್ಕಳೂ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ೧೭೯೪ರ ಅಕ್ಟೋಬರಿನಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡನು. ಪರಕೀಯರ ಶವವನ್ನು ಮುಟ್ಟಿದರೆ ಜಾತಿ ಕೆಡುವುದೆಂಬ ಭಯದಿಂದ ಪೆಟ್ಟಿಗೆ ಮಾಡಲು ಬಡಗಿ ದೊರೆಯಲಿಲ್ಲ, ಹೊರಲು ಜನ ದೊರೆಯಲಿಲ್ಲ. ಬಹಳ ಬೇಡಿಕೊಂಡ ಮೇಲೆ ನಾಲ್ವರು ಮುಸಲ್ಮಾನರು ಗುಂಡಿ ತೋಡಲು ಒಪ್ಪಿದರು. ಹಾಗೆ ಒಪ್ಪಿದ್ದಕ್ಕಾಗಿ ಅವರ ಊರಿನವರೇ ಅವರಿಗೆ ಬಹಿಷ್ಕಾರ ಹಾಕಿದರು. ಹೊಲೆಸೂತಕ, ಜಾತಿಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ ಧರ್ಮದಲ್ಲಿ ಹುಟ್ಟಿದ ನಾವು ಈ ಪ್ರಸಂಗವನ್ನು ತಲೆತಗ್ಗಿಸಿ ಓದಬೇಕಾಗಿದೆ. ಅಂದು ಆ ಮನೆಯ ಬಾಗಿಲಲ್ಲಿ ನಿಂತ ತಾಯಿಯು ಕಂಡ ಭಾರತ ಇದು.

೧೭೯೫ರ ಹೊತ್ತಿಗೆ ಡಾರತಿಯ ಬುದ್ಧಿ ಕೆಟ್ಟಿತು. ಪತಿಯು ಪರಸ್ತ್ರೀಯರ ಸಹವಾಸ ಮಾಡುತ್ತಿರುವನೆಂಬ ನಿರಾಧಾರ ಶಂಕೆ ಆಕೆಯ ಮನಸ್ಸನ್ನು ಹಿಡಿದು ಬಿಡಲಿಲ್ಲ. ಬೀದಿಯಲ್ಲಿ ಬೆನ್ನಟ್ಟಿ ಬೈಯುವಷ್ಟರ ಮಟ್ಟಿಗೆ ಅದು ಬೆಳೆಯಿತು. ಆ ಸ್ಥಿತಿಯಲ್ಲಿಯೇ ೧೭೯೬ರಲ್ಲಿ ಇನ್ನೊಂದು ಮಗುವನ್ನು ಹೆತ್ತಳು. ಮುಂದೆ ಆಕೆಯನ್ನು ಕೋಣೆಯಲ್ಲಿಯೇ ಇರಿಸಿ ಕಾಯಬೇಕಾಯಿತು. ೧೮೦೦ರ ಜನವರಿಯಲ್ಲಿ ಕುಟುಂಬವು ಡೇನಿಷರ ಆಡಳಿತದಲ್ಲಿದ್ದ ಶ್ರೀರಾಂಪುರಕ್ಕೆ ಬಂದಿತು. ೧೮೦೧ರಲ್ಲಿ ಬಂಗಾಳಿ ಭಾಷೆಯ ಹೊಸ ಒಡಂಬಡಿಕೆ ಅಚ್ಚಾಯಿತು. ಕೇರಿಯವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕರಾದರು. ಒಂದೇ ಮನೆಯ ಒಂದು ಕೋಣೆಯಲ್ಲಿ ಭಾಷೆಗಳ ವ್ಯಾಕರಣಗಳು ಸಿದ್ಧವಾಗುತ್ತಿದ್ದವು. ಇನ್ನೊಂದು ಕೋಣೆಯಲ್ಲಿ ಒಂದು ಜೀವವು ಯಾವ ಭಾಷೆಗೂ ನಿಲುಕದೆ ನರಳುತ್ತಿತ್ತು. ೧೮೦೭ರ ಡಿಸೆಂಬರ್ ೮ರಂದು ಜ್ವರದಿಂದ ಆಕೆಯ ದೇಹಾಂತವಾಯಿತು. ಹನ್ನೆರಡು ವರ್ಷಗಳ ಕಾಲ ಕೇರಿಯವರು ಆಕೆಯನ್ನು ಮನೆಯಿಂದ ಹೊರದೂಡಲಿಲ್ಲ, ಅವರ ಮೇಲೆ ಆಕೆ ಹೊರಿಸಿದ ಅಪವಾದಗಳಿಗೆ ಕಠೋರರಾಗಲಿಲ್ಲ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ಇಲ್ಲಿ ಯಾರಾದರೂ ಕೇಳಬಹುದು: ಡಾರತಿ ದುರ್ಬಲ ಮನಸ್ಸಿನವಳು, ಗಟ್ಟಿ ಮನಸ್ಸಿನ ಹೆಂಗಸಾಗಿದ್ದರೆ ತಾಳಿಕೊಳ್ಳುತ್ತಿದ್ದಳಲ್ಲವೇ? ಇದಕ್ಕೆ ಉತ್ತರವು ಅದೇ ಶ್ರೀರಾಂಪುರದಲ್ಲಿಯೇ ಇದೆ. ೧೭೯೯ರ ಅಕ್ಟೋಬರಿನಲ್ಲಿ ಅಲ್ಲಿಗೆ ಇನ್ನೊಂದು ದಂಪತಿ ಬಂದಿಳಿದರು: ಜೋಷುವಾ ಮಾರ್ಷ್‌ಮನ್ ಮತ್ತು ಹನ್ನಾ ಮಾರ್ಷ್‌ಮನ್. ಅವರಿಗೂ ಕಷ್ಟಗಳು ಕಡಿಮೆಯಿರಲಿಲ್ಲ. ಜೊತೆಗೆ ಬಂದ ಒಬ್ಬ ಪಾದ್ರಿ ಮೂರು ವಾರಗಳೊಳಗೇ ತೀರಿಕೊಂಡರು. ಹನ್ನಾ ಹೆತ್ತ ಹನ್ನೆರಡು ಮಕ್ಕಳಲ್ಲಿ ಹಲವರು ಉಳಿಯಲಿಲ್ಲ. ಆದರೂ ಆಕೆಯ ಮನೆ ನಿಂತಿತು. ಏಕೆ?

ಮೊದಲನೆಯದಾಗಿ, ಡೇನಿಷ್ ಗವರ್ನರನ ರಕ್ಷಣೆಯಿದ್ದ ಊರಿಗೆ ಅವರು ಬಂದರು. ಪೋಲೀಸರ ಭಯದಿಂದ ಅಲೆಯಬೇಕಾಗಲಿಲ್ಲ. ಎರಡನೆಯದಾಗಿ, ಅವರು ಒಂಟಿಯಾಗಿರಲಿಲ್ಲ. ನದಿಯ ದಡದಲ್ಲಿ ಕೊಂಡ ದೊಡ್ಡ ಮನೆಯಲ್ಲಿ ಹಲವು ಕುಟುಂಬಗಳು ಒಂದಾಗಿ ವಾಸಿಸಿದುವು. ಒಂದೇ ಪಂಕ್ತಿಯಲ್ಲಿ ಊಟ. ಎಲ್ಲರ ದುಡಿಮೆಯೂ ಒಂದೇ ಬೊಕ್ಕಸಕ್ಕೆ. ಕೇರಿಯವರ ಕಾಲೇಜಿನ ಸಂಬಳವೂ ಅಲ್ಲಿಗೇ ಸಂದಿತು. ಪ್ರತಿ ಶನಿವಾರ ಸಂಜೆ ಎಲ್ಲರೂ ಕೂಡಿ, ವಾರದಲ್ಲಿ ಹುಟ್ಟಿದ ಮನಸ್ತಾಪಗಳನ್ನು ಆಡಿ ಬಗೆಹರಿಸಿಕೊಳ್ಳಬೇಕೆಂಬ ಕಟ್ಟಳೆಯಿತ್ತು. ಕಾಯಕ, ದಾಸೋಹ ಎಂಬ ಶಬ್ದಗಳನ್ನು ಅವರು ಕೇಳಿದವರಲ್ಲ. ಆದರೆ ಆ ವ್ಯವಸ್ಥೆಯನ್ನು ಓದುವಾಗ ನಮಗೆ ಆ ಶಬ್ದಗಳು ನೆನಪಾಗದೆ ಇರವು. ಮೂರನೆಯದಾಗಿ, ಮತ್ತು ಇದೇ ಮುಖ್ಯವಾದುದು, ಹನ್ನಾಳಿಗೆ ತನ್ನದೇ ಆದ ಕೆಲಸವಿತ್ತು. ೧೮೦೦ರ ಮೇ ತಿಂಗಳಲ್ಲಿ ಮಾರ್ಷ್‌ಮನ್ ದಂಪತಿಗಳು ವಸತಿಶಾಲೆಗಳನ್ನು ತೆರೆದರು. ಅವುಗಳ ಆದಾಯವೇ ಮಿಷನ್ನಿನ ದೊಡ್ಡ ಆಧಾರಗಳಲ್ಲೊಂದಾಯಿತು. ತಾಯಿಯ ಆರೈಕೆ ತಪ್ಪಿದ ಕೇರಿಯವರ ಮಕ್ಕಳನ್ನು ಹತೋಟಿಗೆ ತಂದು ಬೆಳೆಸಿದವರಲ್ಲಿ ಈಕೆಯೂ ಒಬ್ಬಳು. ೧೮೪೭ರಲ್ಲಿ ತೀರಿಕೊಳ್ಳುವವರೆಗೂ ಆಕೆಯ ಬದುಕಿನ ಕೇಂದ್ರ ಶ್ರೀರಾಂಪುರವೇ ಆಗಿತ್ತು.

ಆದ್ದರಿಂದ ಇಬ್ಬರು ಸ್ತ್ರೀಯರ ನಡುವಣ ಅಂತರವನ್ನು ಮನೋಬಲದ ಅಂತರವೆಂದು ತೀರ್ಮಾನಿಸುವುದು ಆತುರದ ಮಾತು. ಒಬ್ಬಳು ವ್ರತದಲ್ಲಿ ಪಾಲುಗಾರಳಾಗಿ ಬಂದಳು; ಇನ್ನೊಬ್ಬಳು ಪತಿಯ ವ್ರತದ ಹಿಂದೆ ಎಳೆಯಲ್ಪಟ್ಟು ಬಂದಳು. ಒಬ್ಬಳಿಗೆ ಆಸರೆಯ ಸಮುದಾಯವಿತ್ತು. ಇನ್ನೊಬ್ಬಳಿಗೆ ಇದ್ದ ಒಬ್ಬ ತಂಗಿಯೂ ದೂರವಾದಳು. ಹನ್ನಾಳ ಮನೆಯೇ ಆಕೆಯ ಸೇವಾಕ್ಷೇತ್ರವಾಯಿತು. ಡಾರತಿಗೆ ಮನೆಯೂ ದಕ್ಕಲಿಲ್ಲ, ಸೇವೆಯೂ ದಕ್ಕಲಿಲ್ಲ.

ಈ ಮಾತು ನಮಗೆ ಅಪರಿಚಿತವಲ್ಲ. ಭಕ್ತಿಗಾಗಿ ಹುಟ್ಟುನಾಡನ್ನು ತೊರೆದು ಪರನಾಡಿನಲ್ಲಿ ಮನೆ ಹೂಡಿದ ದಂಪತಿಗಳ ಪುಣ್ಯಕಥೆ ನಮ್ಮಲ್ಲಿಯೇ ಇದೆ. ಕಾಶ್ಮೀರದ ಅರಸೊತ್ತಿಗೆಯನ್ನು ತ್ಯಜಿಸಿ ಕಲ್ಯಾಣಕ್ಕೆ ಬಂದು ಸೌದೆ ಮಾರಿ ಜೀವಿಸಿದ ಮೋಳಿಗೆಯ ಮಾರಯ್ಯನವರು ಮತ್ತು ಮಹಾದೇವಿಯಮ್ಮನವರ ವೃತ್ತಾಂತವನ್ನು ನಮ್ಮ ಪರಂಪರೆ ಭಕ್ತಿಯಿಂದ ಕಾಪಾಡಿಕೊಂಡು ಬಂದಿದೆ. ಆ ಕಥೆಯಲ್ಲಿ ರಾಣಿಯು ಅರಸನ ನೆರಳಲ್ಲ. ಆಕೆಯ ವಚನಗಳು ಆಕೆಯ ಅಂಕಿತದಲ್ಲಿಯೇ ಉಳಿದಿವೆ. ಪತಿಗೆ ಅನುಭಾವದ ತತ್ತ್ವವನ್ನು ತಿಳಿಯಹೇಳಿದವಳೂ ಆಕೆಯೇ ಎಂದು ಪ್ರತೀತಿ. ಆಯ್ದಕ್ಕಿ ಲಕ್ಕಮ್ಮನವರ ವಿಷಯವೂ ಹಾಗೆಯೇ. ಆ ಮನೆಗಳು ನಿಂತದ್ದು ಇಬ್ಬರ ಸಂಕಲ್ಪದ ಮೇಲೆ.

ಈಗ ಪಿಡಿಂಗ್ಟನ್ನಿನ ದಫ್ತರದ ಆ ಗೀಟಿನ ಗುರುತನ್ನು ನೆನಪಿಸಿಕೊಳ್ಳಿ. ಬಂಗಾಳದ ಆ ವರ್ಷಗಳ ಬಗೆಗೆ ಕೇರಿಯವರ ದಿನಚರಿಯಿದೆ, ಪತ್ರಗಳಿವೆ, ಸಂಗಡಿಗರ ಬರಹಗಳಿವೆ. ಡಾರತಿಯದೆಂದು ಒಂದು ಸಾಲೂ ಇಲ್ಲ. ಆಕೆಯ ಬಗೆಗೆ ನಾವು ಬಲ್ಲುದೆಲ್ಲವೂ ಇತರರು ಹೇಳಿದ್ದು. ಅದರಲ್ಲಿಯೂ ಆಕೆಯಿಂದ ಕಷ್ಟಪಟ್ಟವರು ಹೇಳಿದ್ದು. ಬರೆಯಬಲ್ಲವರ ಕಷ್ಟ ಇತಿಹಾಸವಾಗುತ್ತದೆ; ಬರೆಯಲಾರದವರ ಕಷ್ಟ ಅಡಿಟಿಪ್ಪಣಿಯಾಗುತ್ತದೆ. ೧೮೧೨ರ ಮಾರ್ಚ್ ೧೧ರಂದು ಶ್ರೀರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟುಹೋಯಿತು. ಆ ನಷ್ಟವನ್ನು ಎಲ್ಲ ಚರಿತ್ರೆಗಳೂ ಎಣಿಸಿ ಹೇಳುತ್ತವೆ. ಸುಟ್ಟ ಕಾಗದವನ್ನು ಮತ್ತೆ ಬರೆಯಬಹುದು. ಕೇರಿಯವರು ಹಾಗೆ ಶ್ರಮಿಸಿಯೂ ಶ್ರಮಿಸಿದರು, ಐದು ವರ್ಷಗಳಲ್ಲಿ ಕನ್ನಡ ವ್ಯಾಕರಣವನ್ನೂ ಹೊರತಂದರು. ಮದನಾವತಿಯ ಮನೆಯಲ್ಲಿ ಸುಟ್ಟುಹೋದುದನ್ನು ಮತ್ತೆ ಬರೆಯುವ ಬಗೆ ಯಾರಿಗೂ ತಿಳಿಯಲಿಲ್ಲ.

ಇದು ಅನ್ಯಮತದವರ ಕಥೆ, ನಮಗೇಕೆ ಎಂದು ತಾವು ಕೇಳಲಾರಿರಿ ಎಂದು ನಂಬಿದ್ದೇನೆ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಮುಂದೆ ಬಂದವರಲ್ಲಿ ಎಷ್ಟೋ ಮಂದಿ ಇಂದು ಕಡಲಾಚೆಯ ದೇಶಗಳಲ್ಲಿ ನೆಲೆಸಿದ್ದಾರೆ. ವೃತ್ತಿಯ ಜೊತೆಗೆ ಅಲ್ಲಿ ಬಸವತತ್ತ್ವದ ಸೇವೆಯನ್ನೂ ಮಾಡುತ್ತಿರುವವರಿದ್ದಾರೆ; ಅವರನ್ನು ಕರೆದು ಸನ್ಮಾನಿಸುತ್ತೇವೆ, ಅದು ಉಚಿತವೇ. ಆದರೆ ಆ ದೂರದ ಮನೆಯಲ್ಲಿ ಮೊದಲ ವರ್ಷ ಯಾರೊಡನೆಯೂ ಕನ್ನಡದಲ್ಲಿ ಮಾತನಾಡಲಾಗದೆ, ಮಕ್ಕಳನ್ನು ಸಾಕಿ, ಪೂಜೆಯ ಹೊತ್ತನ್ನು ತಪ್ಪಿಸದೆ ಮನೆ ನಿಲ್ಲಿಸಿದ ಸಹಧರ್ಮಿಣಿಯನ್ನು ಹೊರಡುವ ಮೊದಲು ಯಾರಾದರೂ ಮನಸಾರೆ ಕೇಳಿದ್ದರೆ? ಆಕೆಗೆ ಅಲ್ಲಿ ಒಂದು ಕಾಯಕ, ಒಂದು ಸತ್ಸಂಗ, ಒಬ್ಬ ಗೆಳತಿ ದೊರೆತರೆ? ಇನ್ನೂ ಹತ್ತಿರದ ಮಾತೊಂದಿದೆ. ನಾವು ಉಂಡ ಆ ಪ್ರಸಾದವು ಹಳ್ಳಿಹಳ್ಳಿಯ ಜೋಳಿಗೆಯಿಂದ ಬಂದುದು. ತಮ್ಮ ಮನೆಯ ಗಡಿಗೆಯಿಂದ ಹಿಡಿ ಧಾನ್ಯವನ್ನು ತೆಗೆದು ಆ ಜೋಳಿಗೆಗೆ ನೀಡಿದ ತಾಯಂದಿರಲ್ಲಿ ಎಷ್ಟೋ ಮಂದಿ ಡಾರತಿಯಂತೆಯೇ ಹೆಸರು ಬರೆಯಲು ಅರಿಯದವರು. ದಾನಿಗಳ ಕಲ್ಲುಫಲಕದಲ್ಲಿ ಅವರ ಹೆಸರನ್ನು ಹುಡುಕಿದರೆ ಸಿಕ್ಕೀತೇ?

ಆದ್ದರಿಂದ, ಭಕ್ತಬಂಧುಗಳೇ, ಕನ್ನಡದ ಸೇವೆ ಮಾಡಿದ ಪರದೇಶಿಯರನ್ನು ನೆನೆಯುವಾಗ ವಿಲಿಯಂ ಕೇರಿಯವರ ಹೆಸರಿನ ಜೊತೆಗೆ ಡಾರತಿಯವರ ಹೆಸರನ್ನೂ ಒಮ್ಮೆ ಉಚ್ಚರಿಸೋಣ. ತಮ್ಮ ತಮ್ಮ ಮನೆಗಳಲ್ಲಿ ಹೆಬ್ಬೆಟ್ಟಿನ ಗುರುತನ್ನಷ್ಟೇ ಬಿಟ್ಟುಹೋದ ಅಜ್ಜಿಯರು, ಮುತ್ತಜ್ಜಿಯರು ಇದ್ದರೆ, ಅವರು ಮಠಕ್ಕೂ ಮನೆಗೂ ಸಲ್ಲಿಸಿದ ಸೇವೆಯನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ವ್ರತವನ್ನು ಹೊತ್ತವರ ಚರಿತ್ರೆಯನ್ನು ಬರೆಯಲು ಜನ ಬಹಳ; ವ್ರತದ ಭಾರವನ್ನು ಹೊತ್ತವರ ಚರಿತ್ರೆಯನ್ನು ಬರೆಯುವ ಕೆಲಸ ನಮಗೆ ಬಿಟ್ಟದ್ದು.